ಹಸಿ ಬಣ್ಣ

ಟೈಲರ್ ಅಂಗೈ ಬಿಚ್ಚಿದ. ಎರಡು ಎಂಡಿಎಂಎ ಮಾತ್ರೆಗಳು, ಪಾರ್ಟಿಗಳಲ್ಲಿ ನುಂಗುವ ನಶೆಯವು. ಒಂದು ತನಗೆ, ಒಂದು ಗೆಳೆಯ ಪೇಂಟರನಿಗೆ. ಭಾನುವಾರ ಮಧ್ಯಾಹ್ನದ ತಾರಸಿಯಲ್ಲಿ ಹಾಡು ಜೋರಾಗಿತ್ತು. ಕೆಲಸದ ಬಟ್ಟೆಯಲ್ಲೇ ಬಂದಿದ್ದ ಪೇಂಟರನ ಕಾಲು ಆಗಲೇ ತಾಳ ಹಾಕುತ್ತಿದ್ದರೂ ಕೈ ಮಾತ್ರ ಮುಂದೆ ಬರಲಿಲ್ಲ.

"ಬೇಡ ಕಣೋ. ಹೋದ ತಿಂಗಳು ತಾನೇ ತಗೊಂಡಿದ್ದೀನಿ. ಮೆದುಳು ಸುಧಾರಿಸ್ಕೊಳ್ಳೋಕೆ ತಿಂಗಳುಗಟ್ಟಲೆ ಬೇಕಂತೆ, ನಮ್ಮ ಬೀದಿ ನರ್ಸಕ್ಕ ಹೇಳಿದಳು. ಪೂರ್ತಿ ಬಿಟ್ರೆ ಇನ್ನೂ ಒಳ್ಳೇದು ಅಂತ ಬೈದಳು ಕೂಡ. ಮೊದಲ ಕೋಟ್ ಒಣಗೋ ಮುಂಚೆ ಎರಡನೇದು ಬಳಿದ್ರೆ ಏನಾಗುತ್ತೆ ಹೇಳು? ಎರಡೂ ಕಿತ್ಕೊಂಡು ಬರುತ್ತೆ."

"ನಿನ್ನ ತಲೆ ಏನು ಗೋಡೆನಾ?"

ಪೇಂಟರ್ ಚೀಲಕ್ಕೆ ಕೈ ಹಾಕಿದ. ಗೇಟುಗಳಿಗೆ ನೇತುಹಾಕುವ ರಟ್ಟಿನ ಬೋರ್ಡನ್ನು ತೆಗೆದು ಕೊರಳಿಗೆ ಹಾಕಿಕೊಂಡು ಕುಣಿಯಲು ನುಗ್ಗಿದ: 'ಹಸಿ ಬಣ್ಣ, ಮುಟ್ಟಬೇಡಿ'. ತಾರಸಿಗೆ ತಾರಸಿಯೇ ಬಿದ್ದು ಬಿದ್ದು ನಕ್ಕಿತು.

ಟೈಲರನಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು. ನಗುನಗುತ್ತಲೇ ನೆನಪಾಯಿತು: ತಾನು ತೆಗೆದುಕೊಂಡಿದ್ದು ಎಂಟು ದಿನದ ಹಿಂದಿನ ಶನಿವಾರವಷ್ಟೇ. ಮಂಗಳವಾರ ಹೊಲಿಗೆ ಮಿಷಿನ್ನಿನ ಮುಂದೆ ಕೂತು, ಏಕೆಂದು ತಿಳಿಯದೆ ಗಳಗಳನೆ ಅತ್ತಿದ್ದ. ಅದರ ಹಿಂದಿನ ವಾರವೂ ಹಾಗೆಯೇ: ಶನಿವಾರ ಮಾತ್ರೆ, ಮಂಗಳವಾರ ಅಳು. ಅವನು ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಜೇಬಿನ ತಳಕ್ಕೆ ತಳ್ಳಿದ, ಗುಂಪನ್ನು ಸೀಳಿಕೊಂಡು ಹೋಗಿ ಪೇಂಟರನ ಕಿವಿಯಲ್ಲಿ ಕೂಗಿದ.

"ಇನ್ನೊಂದು ಬೋರ್ಡ್ ಇದ್ಯೇನೋ?"

"ಇರೋದು ಇದೊಂದೇ!"

ಪೇಂಟರ್ ದಾರದ ಗಂಟು ಬಿಚ್ಚಿ, ಉದ್ದ ಮಾಡಿ, ಇಬ್ಬರ ಕೊರಳಿಗೂ ಸೇರಿಸಿ ಕಟ್ಟಿದ. ಹಾಡು ಮುಗಿಯುವವರೆಗೂ ಇಬ್ಬರೂ ತಲೆಗೆ ತಲೆ ಡಿಕ್ಕಿ ಹೊಡೆಯುತ್ತ ಕುಣಿದರು.