ಅಧ್ಯಕ್ಷನ ವಯಸ್ಸು

ಯುವಕ ಸಂಘದ ಅಧ್ಯಕ್ಷ ಸ್ಥಾನಕ್ಕೆ ಇಬ್ಬರೇ ಸ್ಪರ್ಧಿಗಳು: ನಾನು ಮತ್ತು ತಿಪ್ಪೇಶ. ಅವನು ಕಾಲರ್ ಎತ್ತಿಕೊಂಡು ಬಂದರೆ ಊರೆಲ್ಲ ಶಿಳ್ಳೆ ಹೊಡೆಯುತ್ತದೆ. ನಾನು ಬಂದರೆ ನಾಯಿಯೂ ತಿರುಗಿ ನೋಡುವುದಿಲ್ಲ. ಹೊಟ್ಟೆ ಉರಿಯದೆ ಇರುತ್ತದೆಯೇ?

ಅಷ್ಟರಲ್ಲಿ ಇಪ್ಪತ್ತೊಂಬತ್ತು ದಾಟಿದವನು ಯುವಕನಲ್ಲ ಎಂದು ಹೊಸ ನಿಯಮ ಬಂತು. ತಿಪ್ಪೇಶ ನನಗಿಂತ ಎರಡು ವರ್ಷ ದೊಡ್ಡವನು. ಇಬ್ಬರೂ ಒಂದೇ ದಿನ ಶಾಲೆಗೆ ಸೇರಿ, ಮೂರನೇ ಕ್ಲಾಸಿಗೇ ಬಿಟ್ಟವರು, ಅಂಕಪಟ್ಟಿ ಇಲ್ಲ. ಹಾಗಾಗಿ ನಾನೇ ಅರ್ಜಿ ಕೊಟ್ಟು, ಶಾಲೆಯ ಹಳೆಯ ದಾಖಲಾತಿ ಪುಸ್ತಕವನ್ನು ಚುನಾವಣಾ ಅಧಿಕಾರಿಯ ಮೇಜಿಗೆ ತರಿಸಿದೆ.

"ಲೇ ತಿಪ್ಪೇಶ, ಇಲ್ಲೀಗಂಟ ಪಿಕ್ಚರ್ ನಿಂದು, ಕ್ಲೈಮ್ಯಾಕ್ಸ್ ನಂದು!" ಎಂದೆ.

"ಬ್ಯಾಡ ಕಣೋ. ಆ ಸೋಮಾರಿ ಮೇಷ್ಟ್ರು ಬರ್ದಿದ್ದನ್ನ ನಂಬ್ತೀಯಾ?"

"ನಂಬ್ತೀನಿ. ಅದೇ ಫೈನಲ್. ಬರ್ಕೊಳ್ಳಿ ಸಾರ್!"

ಅಧಿಕಾರಿ ತಾರೀಖು ಓದಿ ಲೆಕ್ಕ ಹಾಕಿದರು. ತಿಪ್ಪೇಶನಿಗೆ ಮೂವತ್ತು ತುಂಬಿತ್ತು. ಅವನ ಹೆಸರು ಹೊಡೆದು ಹಾಕಿದರು. ನಾನು ಮೀಸೆ ತಿರುವಿದೆ.

"ತಡಿಯಪ್ಪಾ, ನಿಂದೂ ನೋಡ್ಬೇಕಲ್ಲ," ಎನ್ನುತ್ತ ಅವರು ಬೆರಳನ್ನು ಕೆಳಗಿನ ಸಾಲಿಗೆ ಇಳಿಸಿದರು.

ನನ್ನ ಹೆಸರಿನ ಮುಂದೆ, ಹುಟ್ಟಿದ ತಾರೀಖಿನ ಜಾಗದಲ್ಲಿ, ಮೇಷ್ಟ್ರು 'ಮೇಲಿನಂತೆ' ಎಂದು ಬರೆದಿದ್ದರು.