ಕರಗದ ದಾಕ್ಷಿಣ್ಯ

ಸಾಯ್‌ಬುವಾ ಮೊಳಕೆಕಾಳಿನ ಬಾಲ ಚಿವುಟುತ್ತಿದ್ದಳು. ಹನ್ನೊಂದಕ್ಕೆ ನೂಡಲ್ಸ್ ಅಂಗಡಿ ತೆರೆಯಬೇಕು, ಇನ್ನೂ ಎರಡು ಬುಟ್ಟಿ ಬಾಕಿ. ಅಷ್ಟರಲ್ಲಿ ಪ್ರನೋಮ್ ಸ್ಕೂಟರ್ ನಿಲ್ಲಿಸಿ, ಹೂವಿನ ಚಿತ್ರದ ಚೀಲ ಹೆಗಲಿಗೇರಿಸಿಕೊಂಡು ಒಳಗೆ ಬಂದಳು. ಥಾಯ್ಲೆಂಡಿನ ಲಂಪಾಂಗ್ ಊರಿನ ಆ ಬೀದಿಯಲ್ಲಿ ಅವಳಿಗೆ ‘ಚೀಲದ ಡಾಕ್ಟರು’ ಎಂದೇ ಹೆಸರು. ಕಲಿತದ್ದು ಕೂದಲು ಕತ್ತರಿಸುವುದನ್ನು. ಕೈಯಲ್ಲಿ ಚೀಲವೊಂದಿದ್ದರೆ ಉಳಿದ ವಿದ್ಯೆ ತಾನಾಗಿ ಬರುತ್ತದಂತೆ.

"ತಂದಿದ್ದೀನಿ ಅಕ್ಕಾ, ಕರಗಿಸೋ ಔಷಧಿ! ಒಂದು ಸೂಜಿ, ಎರಡು ನಿಮಿಷ. ನೀನು ಕಾಳು ಚಿವುಟ್ತಾ ಕೂತಿರು, ನಾನು ನನ್ನ ಕೆಲಸ ಮುಗಿಸ್ತೀನಿ."

ಎರಡು ತಿಂಗಳ ಹಿಂದೆ, ಮುಖ ನೋಡಿ ಭವಿಷ್ಯ ಹೇಳುವವನೊಬ್ಬ ಸಾಯ್‌ಬುವಾಳ ಗದ್ದ ಮೊಂಡು ಎಂದಿದ್ದ. ಅಂಥವರ ಮನೆ ಮುಪ್ಪಿನಲ್ಲಿ ಬಿಕೋ ಅನ್ನುತ್ತದಂತೆ. ಗದ್ದ ತುಂಬಿದರೆ ಮನೆಯೂ ತುಂಬುತ್ತದಂತೆ. ಪ್ರನೋಮ್ ಚರ್ಮದಡಿ ಉಬ್ಬು ತರುವ ಫಿಲ್ಲರ್ ಮದ್ದು ಚುಚ್ಚಿ ಗದ್ದ ತುಂಬಿದಳು. ಭವಿಷ್ಯವೇನೂ ಸುಳ್ಳಾಗಲಿಲ್ಲ. ವಾರದೊಳಗೆ ಗದ್ದ ಬಾಳೆಹೂವಿನ ಬಣ್ಣಕ್ಕೆ ತಿರುಗಿ ನಿಂಬೆಹಣ್ಣಿನಷ್ಟು ಊದಿತು. ಅದನ್ನು ನೋಡಲು ಬೀದಿಗೆ ಬೀದಿಯೇ ಮನೆಗೆ ಬಂತು.

ಸರ್ಕಾರಿ ಆಸ್ಪತ್ರೆಯ ನರ್ಸು ಎರಡು ಮಾತು ಹೇಳಿದ್ದಳು: ತಿಳಿದ ಡಾಕ್ಟರ ಕೈಯಲ್ಲೇ ಕರಗಿಸಿಕೊಳ್ಳಬೇಕು, ಇನ್ನೊಬ್ಬರ ಮುಖ ಕೆಡುವ ಮುಂಚೆ ಜಿಲ್ಲಾ ಆರೋಗ್ಯ ಕಚೇರಿಗೆ ದೂರು ಬರೆಯಬೇಕು. ಸಾಯ್‌ಬುವಾ ಬರೆದಳು. ಅಂಚೆಚೀಟಿಯನ್ನೂ ಅಂಟಿಸಿದಳು. ಕಳಿಸಲಿಲ್ಲ. ಮೊದಲ ವಾರ ಪ್ರನೋಮ್ ಮಾವಿನಹಣ್ಣು ತಂದುಕೊಟ್ಟಿದ್ದಳು. ಹಣ್ಣು ತಿಂದ ಬಾಯಲ್ಲಿ ದೂರು ಹೇಗೆ? ಎರಡನೆಯ ವಾರ ಅವಳ ತಾಯಿಗೆ ಮಂಡಿನೋವು. ಮೂರನೆಯದು ಸೊಂಕ್ರಾನ್ ಹಬ್ಬ. ಆಗ ಒಬ್ಬರ ಮೇಲೊಬ್ಬರು ನೀರೆರಚಬೇಕೇ ಹೊರತು ದೂರನ್ನಲ್ಲ. ಆಮೇಲಿನ ಎರಡು ವಾರಕ್ಕೆ ನೆಪ ಬೇಕಾಗಲಿಲ್ಲ, ಅಭ್ಯಾಸವಾಗಿಬಿಟ್ಟಿತ್ತು. ಗದ್ದ ನೋಯುತ್ತಿತ್ತು. ದಾಕ್ಷಿಣ್ಯಕ್ಕೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ.

"ಮೊದಲು ತೋಳಿಗೆ ಒಂದು ಚೂರು ಚುಚ್ಚಿ ನೋಡ್ಬೇಕಂತಲ್ಲ ಪ್ರನೋಮ್? ಒಗ್ಗದಿದ್ರೆ ಉಸಿರೇ ಕಟ್ಟುತ್ತಂತೆ, ನರ್ಸಮ್ಮ ಹೇಳಿದ್ಲು."

"ಆ ನರ್ಸಮ್ಮಂಗೆ ಬೇರೆ ಕೆಲಸ ಇಲ್ಲ. ಗಂಟು ಇರೋದು ಗದ್ದದಲ್ಲಿ, ತೋಳಿಗ್ಯಾಕೆ ಚುಚ್ಚೋದು?"

"ಹೋಗ್ಲಿ, ನೀನು ತುಂಬಿದ್ದು ಕರಗೋ ಜಾತಿದೇ ತಾನೆ? ಕೆಲವು ಏನು ಮಾಡಿದ್ರೂ ಕರಗಲ್ವಂತೆ."

"ಡಬ್ಬಿ ಮೇಲೆ ಕೊರಿಯಾ ಅಕ್ಷರ ಇತ್ತಕ್ಕ!"

"ಏನಂತ ಬರೆದಿತ್ತು?"

"ನಂಗೇನು ಗೊತ್ತು? ಅಕ್ಷರ ಮುದ್ದಾಗಿತ್ತು."

ಇಷ್ಟು ಕೇಳಿದ ಮೇಲೂ ಬೇಡ ಎನ್ನಲು ಸಾಯ್‌ಬುವಾಳಿಗೆ ಬಾಯಿ ಬರಲಿಲ್ಲ. ಪಾಪ, ಬಿಸಿಲಲ್ಲಿ ಬಂದಿದ್ದಾಳೆ. ಕೈ ಒರೆಸಿಕೊಂಡು, ಕಣ್ಣು ಮುಚ್ಚಿ, ಗದ್ದ ಮೇಲೆತ್ತಿ ಕೊಟ್ಟಳು. ಪ್ರನೋಮ್ ಸೂಜಿಗೆ ಔಷಧಿ ಎಳೆದುಕೊಂಡಳು.

"ನಡುಗಬೇಡಕ್ಕ. ಹೋದ ವರ್ಷ ನನ್ನ ಗದ್ದಾನೂ ಕರಗಿಸ್ಕೊಂಡೆ. ನೋಡು, ಗುರುತಾದ್ರೂ ಇದೆಯಾ?"

ಸಾಯ್‌ಬುವಾ ಒಂದು ಕಣ್ಣು ತೆರೆದು ನೋಡಿದಳು. ನಿಜ, ಬೆಣ್ಣೆಯಂಥ ಗದ್ದ.

"ಕನ್ನಡಿ ಮುಂದೆ ನೀನೇ ಚುಚ್ಕೊಂಡ್ಯಾ?"

"ಥೂ, ನಂಗೇನು ಹುಚ್ಚಾ? ಚಿಯಾಂಗ್ ಮಾಯ್ ದೊಡ್ಡಾಸ್ಪತ್ರೆಗೆ ಹೋಗಿದ್ದೆ. ಆ ಚರ್ಮದ ಡಾಕ್ಟರಮ್ಮ ಎಷ್ಟು ಒಳ್ಳೇವ್ರು ಗೊತ್ತಾ! ಜೇನುಹುಳ ಕಚ್ಚಿದ್ರೆ ಮೈ ಊದುತ್ತಾ ಅಂತೆಲ್ಲ ಕೇಳಿದ್ರು. ತೋಳಿಗೆ ಚುಚ್ಚಿ ಅರ್ಧ ಗಂಟೆ ಕೂರಿಸಿದ್ರು. ಏನಾದ್ರೂ ಎಡವಟ್ಟಾದ್ರೆ ಅಂತ ಪಕ್ಕದಲ್ಲೇ ಇನ್ನೊಂದು ಔಷಧಿ ಬೇರೆ. ಮುಖ ಅಂದ್ರೆ ಸುಮ್ನೇನಾ ಅಕ್ಕ?"

ಸಾಯ್‌ಬುವಾ ಮೇಲೆತ್ತಿದ್ದ ಗದ್ದವನ್ನು ಮೆಲ್ಲಗೆ ಇಳಿಸಿದಳು.

"ಹೌದಮ್ಮ, ನಿನ್ನ ಮುಖ ಅಂದ್ರೆ ಸುಮ್ನೇನಾ?" ಎಂದಳು. "ಆ ಡಾಕ್ಟರಮ್ಮನ ಹೆಸರು ಬರ್ದುಕೊಡು. ನಾನೂ ಅಲ್ಲಿಗೇ ಹೋಗ್ತೀನಿ. ಈ ಬಿಸಿಲಲ್ಲಿ ನಿಂಗ್ಯಾಕೆ ತೊಂದ್ರೆ?"

ಪ್ರನೋಮ್‌ಗೆ ಬೇಸರವಾಗಲಿಲ್ಲ. ಆಸ್ಪತ್ರೆಯ ಫೋನ್ ನಂಬರನ್ನೂ ಸೇರಿಸಿ ಬರೆದುಕೊಟ್ಟಳು. ಒಂದು ಬಟ್ಟಲು ನೂಡಲ್ಸ್ ತಿಂದು, ತಾಯಿಗೊಂದು ಕಟ್ಟಿಸಿಕೊಂಡಳು. "ಈ ಔಷಧಿ ದಂಡವಾಗಲ್ಲ ಬಿಡು. ಮುಂದಿನ ಓಣೀಲಿ ಎರಡು ತುಟಿ ಊದ್ಕೊಂಡು ಕಾಯ್ತಾ ಇವೆ" ಎಂದು ಸ್ಕೂಟರ್ ಏರಿದಳು.

ಅಂದು ಅಂಗಡಿ ತೆರೆಯಲಿಲ್ಲ. ಸಾಯ್‌ಬುವಾ ಒಂದು ಜೊತೆ ಬಟ್ಟೆ ಕಟ್ಟಿಕೊಂಡು ಬಸ್ ನಿಲ್ದಾಣಕ್ಕೆ ನಡೆದಳು. ಚಿಯಾಂಗ್ ಮಾಯ್ ಬಸ್ಸು ಹತ್ತುವ ಮುಂಚೆ, ಐದು ವಾರದ ಹಳೆಯ ಪತ್ರವನ್ನು ಅಲ್ಲಿನ ಕೆಂಪು ಅಂಚೆಡಬ್ಬಿಗೆ ಹಾಕಿದಳು. ಲಕೋಟೆ ಅಂಟಿಸುವ ಮೊದಲು ಕೊನೆಯಲ್ಲೊಂದು ಸಾಲು ಸೇರಿಸಿದ್ದಳು: ‘ಪ್ರನೋಮ್ ತುಂಬ ಒಳ್ಳೆಯ ಹೆಂಗಸು. ಅವಳ ಮನಸ್ಸಿಗೆ ನೋವಾಗದ ಹಾಗೆ ಸೂಜಿಗಳನ್ನು ಕಿತ್ತುಕೊಳ್ಳಬೇಕಾಗಿ ವಿನಂತಿ.’