ತೊಟ್ಟಿಗೆ ಕೈ ಹಾಕಿದವರು

"ಅಕ್ವೇರಿಯಂ ಮುಚ್ಚಳ ತೆಗೆದಿದ್ದು ಯಾರು?"

ವಕೀಲರು ಕೋರ್ಟಿನ ದನಿಯಲ್ಲೇ ಕೇಳಿದರು. ಗಾಜಿನ ತೊಟ್ಟಿಯ ಮುಚ್ಚಳ ವಾರೆಯಾಗಿತ್ತು, ಕೆಳಗೆ ನೀರಿನ ಹನಿಗಳಿದ್ದವು. ಮನೆಯಲ್ಲಿದ್ದವರು ಗಂಡ ಹೆಂಡತಿ ಇಬ್ಬರೇ. ಆದರೂ ಅವರು ನಾಲ್ಕೂ ಮೂಲೆ ದಿಟ್ಟಿಸಿ, ಆಮೇಲೆ ಹೆಂಡತಿಯ ಮೇಲೆ ಕಣ್ಣು ನಿಲ್ಲಿಸಿದರು.

"ಧೂಳು ಒರೆಸ್ದೆ," ಅಂದಳು ಆಕೆ.

"ಒರೆಸೋದು ಬೇಡ. ಪಾಚಿ ಯಾವ್ದು, ಗಿಡ ಯಾವ್ದು ಅಂತಾನಾದ್ರೂ ಗೊತ್ತಾ ನಿಂಗೆ? ಎರಡೂ ಹಸಿರು, ಅಷ್ಟೇ ಅಲ್ವಾ?"

"ಅಷ್ಟೇ," ಅಂದು ಆಕೆ ಸೂಜಿಗೆ ದಾರ ಪೋಣಿಸಿದಳು.

ಆಕೆಯ ಹೊಲಿಗೆ ಯಂತ್ರ ಅಡುಗೆಮನೆಯಲ್ಲಿ, ಒಲೆಯ ಮಗ್ಗುಲಲ್ಲಿತ್ತು. ಗಿರಾಕಿಗಳ ಬಟ್ಟೆಗೆ ಎಣ್ಣೆ ಸಿಡಿದು ಬೈಸಿಕೊಳ್ಳುವುದು ಮಾಮೂಲಾಗಿತ್ತು. ಗಾಳಿ ಬೆಳಕಿರುವ ಒಂದೇ ಕೋಣೆ ಮೀನುಗಳ ಪಾಲು. ಹೊಲಿಗೆಗೆ ಆ ಕೋಣೆ ಬಿಟ್ಟುಕೊಡಿ ಎಂದು ಕೇಳಿ ಕೇಳಿ ಆಕೆಯ ಬಾಯಿ ನೊಂದಿತ್ತು. ಕಡೆಗೊಂದು ದಿನ ವಕೀಲರು ದೊಡ್ಡ ಮನಸ್ಸು ಮಾಡಿದರು.

"ಈ ಸಲ ಅಕ್ವೇರಿಯಂ ಸ್ಪರ್ಧೇಲಿ ಮೊದಲನೇ ಬಹುಮಾನ ಬರ್ಲಿಲ್ಲ ಅಂದ್ರೆ ತೊಟ್ಟಿ ಮಾರ್ತೀನಿ, ಕೋಣೆ ನಿಂದು. ಬಂತು ಅನ್ಕೋ, ಇನ್ನು ಜನ್ಮದಲ್ಲಿ ಆ ಮಾತೆತ್ತಬಾರ್ದು."

ತೊಟ್ಟಿಯ ಅವಸ್ಥೆ ನೋಡಿದ ಯಾರಾದರೂ ಕೋಣೆ ಆಕೆಯದೇ ಅನ್ನುತ್ತಿದ್ದರು. ಗಿಡಗಳ ಎಲೆಯೆಲ್ಲ ಹಳದಿ, ನಡುವೆ ತೂತು. ಪ್ರತಿ ಕಾಂಡಕ್ಕೂ ಕೂದಲಿನಂಥ ಪಾಚಿ ಸುತ್ತಿಕೊಂಡಿತ್ತು. ವಕೀಲರು ಮಾಡದ ಉಪಾಯವಿಲ್ಲ. ದೀಪ ಕಮ್ಮಿ ಮಾಡಿದರು, ದಿನಗಟ್ಟಲೆ ಕರಿಬಟ್ಟೆ ಹೊದಿಸಿದರು, ಬ್ಲೇಡು ಹಿಡಿದು ಗಾಜು ಕೆರೆದರು. ಪಾಚಿಯನ್ನು ಹಲ್ಲುಜ್ಜುವ ಬ್ರಶ್ಶಿಗೆ ಸುತ್ತಿ ಎಳೆದೂ ನೋಡಿದರು. ಬ್ರಶ್ಶು ಹೆಂಡತಿಯದು. ಕೇಳಿದ್ದಕ್ಕೆ, "ತೊಳೆದಿಟ್ಟಿದ್ದೀನಲ್ಲ, ಅದಕ್ಯಾಕೆ ರಂಪ?" ಅಂದರು.

ಅವರ ಸಿದ್ಧಾಂತವೇನೋ ಗಟ್ಟಿಯಾಗಿತ್ತು: ನೀರಿನಲ್ಲಿ ಪೋಷಣೆಯೇ ಇರಕೂಡದು, ಪಾಚಿ ಹಸಿದು ಸಾಯಬೇಕು. ಗಿಡಗಳಿಗೆಂದು ನೀರಿಗೆ ಗೊಬ್ಬರ ಬೆರೆಸುವವರೆಲ್ಲ ಅವರ ಲೆಕ್ಕದಲ್ಲಿ ಮುಠ್ಠಾಳರು. "ಒಂದು ಹನಿ ಬಿದ್ರೂ ತೊಟ್ಟಿ ಹಾಳು" ಎಂದು ಊಟಕ್ಕೆ ಕೂತಾಗಲೆಲ್ಲ ಭಾಷಣ. ಹೆಂಡತಿ ಹೂಂಗುಟ್ಟುತ್ತಾ ಬಡಿಸುತ್ತಿದ್ದಳು. ಇವಳಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ ಎಂದು ವಕೀಲರು ನಿಟ್ಟುಸಿರು ಬಿಡುತ್ತಿದ್ದರು.

ಒಂದು ಬೆಳಿಗ್ಗೆ ನೋಡಿದರೆ, ಅರೆ! ತುದಿಗಳಲ್ಲಿ ಹೊಸ ಚಿಗುರು. ವಾರ ಕಳೆಯುವಷ್ಟರಲ್ಲಿ ಪಾಚಿ ಕೊಂಚ ಹಿಂದೆ ಸರಿದಿತ್ತು. ಹೆಂಡತಿ ಗಾಜಿಗೆ ಮೂಗು ತಾಗಿಸಿ ನಿಂತಿದ್ದಳು. ತೋಳು ಒದ್ದೆಯಾಗಿತ್ತು.

"ಪಾಚಿ ಕಮ್ಮಿ ಆಗ್ತಿದೆ ಅಲ್ವಾ, ರೀ?" ಆಕೆಯ ದನಿ ಸಣ್ಣಗೆ ನಡುಗಿತು.

"ಮತ್ತೆ? ಯಾರು ಅನ್ಕೊಂಡೆ ನಿನ್ನ ಗಂಡ?"

ಪಾಪ, ಗಂಡನ ಜಾಣತನ ಕಂಡು ಬೆರಗಾಗಿದ್ದಾಳೆ ಅಂದುಕೊಂಡರು. ಅವತ್ತಿನಿಂದ ಆಕೆ ಆ ಕೋಣೆಗೆ ಹೋಗಿಬರುವುದು ಇನ್ನೂ ಹೆಚ್ಚಾಯಿತು. ವಕೀಲರು ಗದರಿಸಲಿಲ್ಲ. ನೋಡಿ ಕಣ್ಣು ತಣ್ಣಗಾಗಲಿ, ಬಿಡು.

ಸ್ಪರ್ಧೆಯ ತೀರ್ಪುಗಾರ್ತಿ ಮನೆಗೆ ಬಂದಾಗ ತೊಟ್ಟಿಯಲ್ಲಿ ಪಾಚಿಯ ಒಂದೆಳೆಯೂ ಇರಲಿಲ್ಲ. ಮುಲಾಜಿಲ್ಲದ ಹೆಂಗಸು. ಕನ್ನಡಕ ಏರಿಸಿ ಎಲೆ ಎಲೆಯನ್ನೂ ನೋಡಿದಳು.

"ಗೊಬ್ಬರ ಯಾವ್ದು ಹಾಕ್ತೀರಿ?"

"ಗೊಬ್ಬರಾನಾ? ಒಂದು ಹನಿಯೂ ಇಲ್ಲ. ನನ್ನ ಪದ್ಧತೀನೇ ಬೇರೆ."

ಆಕೆ ಚೀಲದಿಂದ, ನೀರಲ್ಲಿ ಗೊಬ್ಬರವಿದ್ದರೆ ಬಣ್ಣ ತಿರುಗುವ ಕಾಗದದ ಪಟ್ಟಿ ತೆಗೆದು ನೀರಿಗೆ ಅದ್ದಿದಳು. ಪಟ್ಟಿಗೆ ಬಣ್ಣ ಏರಿತು.

"ಸುಳ್ಳು ಸಾಕ್ಷಿ ನಿಮ್ಮ ಕೋರ್ಟಲ್ಲಿ ಹೇಳ್ಕೊಳ್ಳಿ, ವಕೀಲ್ರೇ. ಹೊಟ್ಟೆಗಿಲ್ಲದ ಗಿಡ ಕೊಳೆಯುತ್ತೆ, ಕೊಳೆತಲ್ಲಿ ಪಾಚಿ ಕೊಬ್ಬುತ್ತೆ. ಗಿಡ ತಿಂದು ಬೆಳೀತು ಅಂದ್ರೆ ಪಾಚಿಗೆ ಜಾಗಾನೇ ಇರಲ್ಲ. ಇಲ್ಲಿ ಯಾರೋ ಗಿಡಕ್ಕೆ ಚೆನ್ನಾಗಿ ಉಣ್ಣಿಸಿದ್ದಾರೆ. ಮೊದಲನೇ ಬಹುಮಾನ ಈ ಮನೆಗೇ, ಆ ಪುಣ್ಯಾತ್ಮರಿಗೆ ಹೇಳಿಬಿಡಿ."

ತೀರ್ಪುಗಾರ್ತಿ ಹೊರಟುಹೋದಳು. ವಕೀಲರು ಬಾಗಿಲು ಹಾಕಿ ಹೆಂಡತಿಯ ಕಡೆ ತಿರುಗಿದರು.

"ನೀನಾ?"

ಆಕೆ ಹೌದೆಂದು ತಲೆಯಾಡಿಸಿದಳು.

ಎಷ್ಟು ಹೀನಾಯ ಮಾಡಿದ್ದೆ ಇವಳನ್ನು! ವಕೀಲರಿಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು.

"ಕೋಣೆ ಕೈ ತಪ್ಪುತ್ತೆ ಅಂತ ಗೊತ್ತಿದ್ದೂ... ನನ್ನ ಮರ್ಯಾದೆ ಉಳೀಲಿ ಅಂತ ಹಾಕಿದ್ಯೇನೇ?"

"ನಿಮ್ಮ ಮರ್ಯಾದೆಗಿಷ್ಟು ಬೆಂಕಿ ಹಾಕ! ಗೊಬ್ಬರ ಬಿದ್ರೆ ತೊಟ್ಟಿ ಹಾಳಾಗುತ್ತೆ ಅಂದ್ರಲ್ಲ, ಮದುವೆಯಾದಾಗಿಂದ ನಿಮ್ಮ ಮಾತು ನಾನು ನಂಬಿದ್ದು ಇದೊಂದೇ ಸಲ."